ಹಾಡಿನ ಡಿಸ್ಕ್ ಖಾಲಿಯಾದ ಮೇಲೆ: ಬ್ಯಾಕಪ್ ಅಂದರೆ ಏನು, ಯಾವುದು ಬ್ಯಾಕಪ್ ಅಲ್ಲ

ಕಳೆದ ಏಪ್ರಿಲ್‌ನಲ್ಲಿ ಒಂದು ಭಾನುವಾರ ಮಧ್ಯಾಹ್ನ ನಾನು ಐದು ಸಾವಿರ ಹಾಡುಗಳನ್ನು ಒಂದೇ ಕ್ಲಿಕ್ಕಿನಲ್ಲಿ ಅಳಿಸಿಹಾಕಿದೆ. ಕಳ್ಳ ಬರಲಿಲ್ಲ, ವೈರಸ್ಸೂ ಬರಲಿಲ್ಲ. ದಾವಣಗೆರೆಯ ನಮ್ಮ ಮನೆಯಲ್ಲಿ, ಫ್ಯಾನ್ ಕೆಳಗೆ ಆರಾಮಾಗಿ ಕೂತು, ನಾನೇ ಅಳಿಸಿದೆ.

ಆಗಿದ್ದು ಇಷ್ಟು. ಕಾರಿಗೆ ಅಂತ ಹೊಸ ಪೆನ್ ಡ್ರೈವ್ ತಂದಿದ್ದೆ. ಅದನ್ನು ಫಾರ್ಮ್ಯಾಟ್ ಮಾಡಿ ಒಂದಿಷ್ಟು ಹಾಡು ತುಂಬಬೇಕಿತ್ತು. ಹಾಡುಗಳಿದ್ದ ಹಾರ್ಡ್ ಡಿಸ್ಕ್ ಕೂಡ ಅದೇ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿತ್ತು. ಒಂದರ ಹೆಸರು ‘ಇ’, ಇನ್ನೊಂದರ ಹೆಸರು ‘ಎಫ್’. ಇದರಲ್ಲಿರುವುದೆಲ್ಲ ಹೋಗುತ್ತದೆ, ಸರಿನಾ ಅಂತ ಕಂಪ್ಯೂಟರ್ ಕೇಳಿತು. ನೋಡದೆ ಹೂಂ ಅಂದೆ. ಆಮೇಲೆ ಅದನ್ನೇ ಪೆನ್ ಡ್ರೈವ್ ಅಂದುಕೊಂಡು, ಲ್ಯಾಪ್‌ಟಾಪ್‌ನಲ್ಲಿದ್ದ 12 ಜಿಬಿ ಹಾಡುಗಳನ್ನು ಅದಕ್ಕೆ ಕಾಪಿ ಕೂಡ ಮಾಡಿದೆ. ಈ ಎರಡನೇ ತಪ್ಪು ಮೊದಲನೆಯದಕ್ಕಿಂತ ದೊಡ್ಡದು. ಯಾಕೆ ಅಂತ ಮುಂದೆ ಬರುತ್ತದೆ.

ಸಿನಿಮಾ ಹಾಡುಗಳ ಬಗ್ಗೆ ನನಗೆ ಅಷ್ಟು ಬೇಜಾರಾಗಲಿಲ್ಲ. ಆ ಡಿಸ್ಕಿನಲ್ಲಿ ಅಪ್ಪನ ಭಜನೆ ತಂಡದ 11 ಕ್ಯಾಸೆಟ್‌ಗಳೂ ಇದ್ದವು. ಶನಿವಾರ ರಾತ್ರಿ ಹನುಮಂತನ ಗುಡಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು. ಹಾರ್ಮೋನಿಯಂ, ತಾಳ, ನಡುವೆ ಯಾರೋ ಕೆಮ್ಮಿದ್ದು, ಅಪ್ಪ ‘ಇನ್ನೊಮ್ಮೆ ಎತ್ಕೊಳ್ರೋ’ ಅಂತ ಗದರಿದ್ದು, ಎಲ್ಲಾ ಅದರಲ್ಲಿತ್ತು. ಕಂಪ್ಯೂಟರಿಗೆ ಹಾಕಿಸಿ ಆಯಿತಲ್ಲ, ಬೂಸ್ಟು ಹಿಡಿದ ಕ್ಯಾಸೆಟ್ ಇನ್ಯಾಕೆ ಅಂತ ಅವನ್ನು ಎಂದೋ ಗುಜರಿಗೆ ಕೊಟ್ಟಿದ್ದೆವು.

ಈ ಕಥೆ ಹೇಳಿದಲ್ಲೆಲ್ಲ ಎದುರಿಗಿದ್ದವರ ಮುಖ ಸಣ್ಣಗಾಗುತ್ತದೆ. ‘ನಂದೂ ಎಲ್ಲಾ ಒಂದೇ ಡಿಸ್ಕಲ್ಲಿ ಐತಲ್ಲಪ್ಪಾ’ ಅನ್ನುತ್ತಾರೆ. ಅವರಿಗಾಗಿ ಇದನ್ನು ಬುಡದಿಂದ ಬರೆಯುತ್ತಿದ್ದೇನೆ.

## ಹಾಡು ಅಂದರೆ ಕಂಪ್ಯೂಟರಿಗೆ ಏನು?

ಕಂಪ್ಯೂಟರಿಗೆ ರಾಗ ತಾಳ ಯಾವುದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಅಂಕಿ. ಸಿಡಿಯಲ್ಲಿ ಒಂದು ಸೆಕೆಂಡಿನ ದನಿಯನ್ನು 44,100 ಸಲ ಅಳೆದು ಬರೆದಿರುತ್ತಾರೆ. ಅದೂ ಎಡ ಸ್ಪೀಕರಿಗೆ ಒಂದು ಲೆಕ್ಕ, ಬಲಕ್ಕೆ ಇನ್ನೊಂದು. ಹಾಗಾಗಿ ಸಿಡಿ ಗುಣಮಟ್ಟದ ಒಂದು ನಿಮಿಷದ ಹಾಡು ಸುಮಾರು 10 ಎಂಬಿ ಜಾಗ ತಿನ್ನುತ್ತದೆ. 60 ನಿಮಿಷದ ಒಂದು ಕ್ಯಾಸೆಟ್ಟನ್ನು ಹೀಗೆ ಇಳಿಸಿಕೊಂಡರೆ 635 ಎಂಬಿ ಆಗುತ್ತದೆ.

ಇದು ಜಾಸ್ತಿಯಾಯಿತು ಅಂತಲೇ ಎಂಪಿ3 ಬಂದದ್ದು. ಕಿವಿಗೆ ಅಷ್ಟಾಗಿ ಕೇಳಿಸದ ವಿವರಗಳನ್ನು ಅದು ಎಸೆದುಬಿಡುತ್ತದೆ. 128 ಕೆಬಿಪಿಎಸ್ (ಒಂದು ಸೆಕೆಂಡಿನ ಹಾಡಿಗೆ ಖರ್ಚಾಗುವ ಕಿಲೋಬಿಟ್ ಲೆಕ್ಕ) ಎಂಪಿ3 ಆದರೆ ನಿಮಿಷಕ್ಕೆ ಸುಮಾರು 1 ಎಂಬಿ, 320 ಆದರೆ 2.4 ಎಂಬಿ. ಐದು ನಿಮಿಷದ ಹಾಡು 12 ಎಂಬಿ, ಅಂಥವು ಐದು ಸಾವಿರ ಇದ್ದರೆ 60 ಜಿಬಿ. ಫ್ಲ್ಯಾಕ್ ಅನ್ನುವ ಇನ್ನೊಂದು ಬಗೆ ಇದೆ, 2001ರಲ್ಲಿ ಬಂದದ್ದು. ಅದು ಏನನ್ನೂ ಎಸೆಯುವುದಿಲ್ಲ, ಸೀರೆ ಮಡಚಿ ಪೆಟ್ಟಿಗೆಗೆ ಇಡುವ ಹಾಗೆ ಮಡಚಿಡುತ್ತದೆ. ಬೇಕಾದಾಗ ಬಿಡಿಸಿದರೆ ಹಾಗೇ ಪೂರ್ತಿ ಸಿಗುತ್ತದೆ. ಜಾಗ ಮಾತ್ರ ಸಿಡಿಯ ಹೆಚ್ಚುಕಡಿಮೆ ಅರ್ಧದಷ್ಟು ಬೇಕು.

ಎಂಪಿ3 ಮಾಡುವುದು ಭತ್ತದಿಂದ ಮಂಡಕ್ಕಿ ಹುರಿದ ಹಾಗೆ. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಭಟ್ಟಿಯಿಂದ ಹೊರಬಂದ ಮಂಡಕ್ಕಿಯನ್ನು ಮತ್ತೆ ಭತ್ತ ಮಾಡಲು ಆಗುವುದಿಲ್ಲ. ಎಂಪಿ3ಯನ್ನು ಫ್ಲ್ಯಾಕ್‌ಗೆ ಬದಲಾಯಿಸಿದರೆ ಫೈಲ್ ದೊಡ್ಡದಾಗುತ್ತದೆ, ಹೋದ ವಿವರ ಬರುವುದಿಲ್ಲ. ಜಾಗ ಉಳಿಸೋಣ ಅಂತ 320ರ ಹಾಡುಗಳನ್ನೆಲ್ಲ ಒಟ್ಟಿಗೆ 128ಕ್ಕೆ ಇಳಿಸಿ, ಹಳೆಯವನ್ನು ಅಳಿಸುವ ಜನ ಇದ್ದಾರೆ. ಅದೂ ಕಳೆದುಕೊಳ್ಳುವುದೇ. ಗೊತ್ತಾಗುವುದು ಮಾತ್ರ ನಿಧಾನ.

ಇನ್ನೆರಡು ಪದ ತಿಳಿದಿದ್ದರೆ ಮುಂದಿನದು ಸಲೀಸು. ಒಂದು ಟ್ಯಾಗ್. ಹಾಡಿನ ಹೆಸರು, ಹಾಡಿದವರು, ಆಲ್ಬಂ, ವರ್ಷ ಇವನ್ನು ಬರೆದ ಒಂದು ಚೀಟಿ. ಇದು ಹಾಡಿನ ಫೈಲಿನ ಒಳಗೇ ಇರುತ್ತದೆ. ಇನ್ನೊಂದು ಪ್ಲೇಲಿಸ್ಟ್. ಇದು ಮದುವೆಗೆ ಕರೆಯುವವರ ಪಟ್ಟಿ ಇದ್ದ ಹಾಗೆ. ಪಟ್ಟಿಯಲ್ಲಿ ಹೆಸರು, ವಿಳಾಸ ಇರುತ್ತವೆ, ಜನ ಇರುವುದಿಲ್ಲ. ಪ್ಲೇಲಿಸ್ಟ್ ಫೈಲನ್ನು ಕಾಪಿ ಮಾಡಿಟ್ಟು ಹಾಡುಗಳೆಲ್ಲ ಭದ್ರವಾದವು ಅಂದುಕೊಂಡವರಲ್ಲಿ ನಾನೂ ಒಬ್ಬ.

## ಡಿಲೀಟ್ ಆದ ಹಾಡು ಎಲ್ಲಿ ಹೋಗುತ್ತದೆ?

ತಕ್ಷಣಕ್ಕೆ ಎಲ್ಲೂ ಹೋಗುವುದಿಲ್ಲ.

ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಡಿಸ್ಕಿನಲ್ಲೂ ಅದೇ ವ್ಯವಸ್ಥೆ. ಯಾವ ಸೀಟು ಯಾವ ಹಾಡಿನದು ಅಂತ ಡಿಸ್ಕಿನ ಒಂದು ಮೂಲೆಯಲ್ಲಿ ಪಟ್ಟಿ ಇರುತ್ತದೆ. ನೀವು ಡಿಲೀಟ್ ಒತ್ತಿದಾಗ ಕಂಪ್ಯೂಟರ್ ಹಾಡನ್ನು ಎತ್ತಿ ಹೊರಗೆ ಹಾಕುವುದಿಲ್ಲ. ಸೀಟಿನ ಮೇಲಿದ್ದ ಟವೆಲ್ ತೆಗೆಯುತ್ತದೆ, ಅಷ್ಟೇ. ಹಾಡು ಇನ್ನೂ ಅಲ್ಲೇ ಕೂತಿರುತ್ತದೆ. ಆದರೆ ಲೆಕ್ಕದಲ್ಲಿ ಅದು ಖಾಲಿ ಸೀಟು. ಬೇರೆ ಪ್ರಯಾಣಿಕ ಹತ್ತಿ ಬಂದು ಅಲ್ಲಿ ಕೂತಾಗ ಮಾತ್ರ ಹಳೆಯ ಹಾಡು ನಿಜವಾಗಿ ಹೋಗುತ್ತದೆ.

ಈಗ ನನ್ನ ಎರಡನೇ ತಪ್ಪು ಅರ್ಥವಾಗುತ್ತದೆ ಅಲ್ವಾ? ಫಾರ್ಮ್ಯಾಟ್ ಮಾಡಿದಾಗ ಎಲ್ಲಾ ಟವೆಲ್ ಒಟ್ಟಿಗೆ ತೆಗೆದಿದ್ದೆ. ಹಾಡುಗಳು ಕೂತೇ ಇದ್ದವು. ಆಮೇಲೆ 12 ಜಿಬಿ ಹೊಸ ಪ್ರಯಾಣಿಕರನ್ನು ನಾನೇ ಬಸ್ಸಿಗೆ ಹತ್ತಿಸಿದೆ. ಅವರು ಅಪ್ಪನ ಸೀಟಿನ ಮೇಲೇ ಕೂತರು.

ಫಾರ್ಮ್ಯಾಟಿನಲ್ಲೂ ಎರಡು ಬಗೆ. ವಿಂಡೋಸ್‌ನಲ್ಲಿ ‘ಕ್ವಿಕ್ ಫಾರ್ಮ್ಯಾಟ್’ ಅಂತ ಟಿಕ್ ಇದ್ದರೆ ಅಳಿಯುವುದು ಪಟ್ಟಿ ಮಾತ್ರ. ಆ ಟಿಕ್ ತೆಗೆದರೆ ಅದು ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯುತ್ತಾ ಹೋಗುತ್ತದೆ. ಆಮೇಲೆ ಯಾವ ತಂತ್ರಾಂಶ ತಂದರೂ ಏನೂ ಸಿಗುವುದಿಲ್ಲ.

ಇನ್ನೊಂದು ವ್ಯತ್ಯಾಸ ಗಮನಿಸಬೇಕು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಇರುತ್ತದೆ. ಅದರ ಕಂಡಕ್ಟರ್ ಬಲು ಚುರುಕು. ಟವೆಲ್ ತೆಗೆದ ಸೀಟುಗಳನ್ನು ಬಿಡುವಿದ್ದಾಗ ತಾನೇ ತೊಳೆದು ಒರೆಸಿ ಇಟ್ಟುಬಿಡುತ್ತಾನೆ. ಇದಕ್ಕೆ ಟ್ರಿಮ್ ಅನ್ನುತ್ತಾರೆ. ವೇಗಕ್ಕೆ ಒಳ್ಳೆಯದು, ಹೋದ ಹಾಡು ಹುಡುಕುವವರಿಗೆ ಕಷ್ಟ. ಫೋನ್‌ಗಳಲ್ಲೂ ಇದೇ ಕಥೆ, ಜೊತೆಗೆ ಗೂಢಲಿಪಿಯ ಬೀಗ ಬೇರೆ.

ಹಾಗಾದರೆ ರಿಸೈಕಲ್ ಬಿನ್? ಅದು ಕಂಪ್ಯೂಟರಿನ ಒಳಗಿನ ಡಿಸ್ಕಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಪೆನ್ ಡ್ರೈವ್, ಮೆಮೊರಿ ಕಾರ್ಡಿನಿಂದ ಅಳಿಸಿದ್ದು ಸಾಮಾನ್ಯವಾಗಿ ಅಲ್ಲಿಗೆ ಹೋಗುವುದೇ ಇಲ್ಲ, ನೇರ ಹೊರಗೆ. ಶಿಫ್ಟ್ ಒತ್ತಿಕೊಂಡು ಡಿಲೀಟ್ ಮಾಡಿದರೂ ಅಷ್ಟೇ.

## ಹಾಡು ಕಳೆಯುವ ದಾರಿಗಳು

ಚಿತ್ರದುರ್ಗದ ಏಳು ಸುತ್ತಿನ ಕೋಟೆ ಕಟ್ಟಿದ್ದು ಹೊರಗಿನವರನ್ನು ತಡೆಯಲು. ಪಾಸ್‌ವರ್ಡ್, ಆಂಟಿವೈರಸ್ ಕೂಡ ಹಾಗೇ. ಆದರೆ ಹಾಡು ಕಳೆಯುವವರು ಬಹಳಷ್ಟು ಸಲ ಕೋಟೆಯ ಒಳಗೇ, ಮಂಚದ ಮೇಲೆ, ಮೌಸ್ ಹಿಡಿದು ಕೂತಿರುತ್ತಾರೆ. ನಾನು ನೋಡಿದ, ಮಾಡಿದ ಕೆಲವು ದಾರಿಗಳನ್ನು ಹೇಳುತ್ತೇನೆ.

ಕಟ್ ಮಾಡಿ ಪೇಸ್ಟ್ ಮಾಡುವುದು ಮೊದಲನೆಯದು. ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಹೀಗೆ ಸಾಗಿಸುವಾಗ ಕಂಪ್ಯೂಟರ್ ಅಲ್ಲಿ ಬರೆಯುತ್ತಾ ಇಲ್ಲಿ ಅಳಿಸುತ್ತಾ ಹೋಗುತ್ತದೆ. ನಡುವೆ ಕರೆಂಟ್ ಹೋದರೆ, ಅಥವಾ ಮಗು ವೈರ್ ಎಳೆದರೆ, ಅರ್ಧ ಅಲ್ಲಿ ಅರ್ಧ ಇಲ್ಲಿ. ಹಾಗಾಗಿ ಕಾಪಿ ಮಾಡಿ, ತೆರೆದು ನೋಡಿ, ಆಮೇಲೆ ಹಳೆಯದನ್ನು ಅಳಿಸುವುದೇ ಸರಿ. ನಿಧಾನ ಹೌದು.

ಎರಡನೆಯದು ಡೂಪ್ಲಿಕೇಟ್ ಹುಡುಕುವ ತಂತ್ರಾಂಶ. ಹೆಸರು ಒಂದೇ ಇದ್ದರೆ ಹಾಡೂ ಒಂದೇ ಅಂತ ಕೆಲವು ತಂತ್ರಾಂಶಗಳು ತೀರ್ಮಾನಿಸುತ್ತವೆ. ಒಂದೇ ವಚನವನ್ನು ಮೂವರು ಹಾಡಿರುತ್ತಾರೆ, ಅದೇ ದಾಸರ ಪದ ಒಮ್ಮೆ ಕಚೇರಿಯಲ್ಲಿ, ಒಮ್ಮೆ ಮನೆಯಲ್ಲಿ ಹಾಡಿದ್ದು ಇರುತ್ತದೆ. ತಂತ್ರಾಂಶಕ್ಕೆ ಅವೆಲ್ಲ ಒಂದೇ. ಒಂದನ್ನು ಉಳಿಸಿ ಉಳಿದದ್ದನ್ನು ಎತ್ತಿಹಾಕುತ್ತದೆ.

ಟ್ಯಾಗ್ ತಿದ್ದುವಾಗಲೂ ಎಡವಟ್ಟಾಗುತ್ತದೆ. ಮುನ್ನೂರು ಹಾಡು ಒಟ್ಟಿಗೆ ಆರಿಸಿ ಆಲ್ಬಂ ಹೆಸರು ತಿದ್ದಲು ಹೋಗಿ, ಕೈತಪ್ಪಿ ಹಾಡಿನ ಹೆಸರಿನ ಜಾಗದಲ್ಲಿ ಬರೆದು ಸೇವ್ ಒತ್ತಿದರೆ ಮುನ್ನೂರಕ್ಕೂ ಒಂದೇ ಹೆಸರು. ದನಿ ಇದೆ, ಯಾವುದು ಏನು ಅಂತ ಗೊತ್ತಿಲ್ಲ. ಕನ್ನಡದ ಹೆಸರುಗಳಿಗೆ ಇನ್ನೂ ಒಂದು ಸಂಕಟ. ಎಲ್ಲಾ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತ ಕೊಟ್ಟ ಯೂನಿಕೋಡ್ ಬರುವ ಮುಂಚಿನ ಫಾಂಟ್‌ಗಳಲ್ಲಿ ಬರೆದ ಹಳೆಯ ಹೆಸರುಗಳು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗೀಚುಗಳಾಗಿ ಕಾಣುತ್ತವೆ.

ಉದ್ದದ ಕನ್ನಡ ಹೆಸರಿನದು ಯಾರೂ ಹೇಳದ ವಿಷಯ, ಅದಕ್ಕೇ ಸ್ವಲ್ಪ ನಿಂತು ಹೇಳುತ್ತೇನೆ. ವಿಂಡೋಸ್‌ನಲ್ಲಿ ಫೈಲಿನ ಹೆಸರು 255 ಅಕ್ಷರದವರೆಗೆ ಇರಬಹುದು. ವಿಂಡೋಸ್ ಥರದ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್‌ನ ಬಹಳಷ್ಟು ಡಿಸ್ಕ್‌ಗಳಲ್ಲೂ 255ರ ಮಿತಿ ಇದೆ, ಆದರೆ ಅದು ಬೈಟ್, ಅಂದರೆ ಕಂಪ್ಯೂಟರ್ ಜಾಗ ಅಳೆಯುವ ಸಣ್ಣ ಅಳತೆಯ ಲೆಕ್ಕ. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್, ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್. ಗುಣಿತ, ಒತ್ತು ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. ಅಂದರೆ ನಮಗೆ ಸಿಗುವುದು 85 ಚಿಹ್ನೆ ಮಾತ್ರ. ‘ಶ್ರೀ’ ಅನ್ನುವ ಒಂದೇ ಅಕ್ಷರ ಅಲ್ಲಿ ನಾಲ್ಕು ಚಿಹ್ನೆ, 12 ಬೈಟ್. ಇಡೀ ಪಲ್ಲವಿಯನ್ನೇ ಫೈಲಿಗೆ ಹೆಸರಿಟ್ಟಿದ್ದರೆ, ಮನೆಯಲ್ಲಿ ಲಿನಕ್ಸ್ ಮೇಲೆ ನಡೆಯುವ ಸ್ಟೋರೇಜ್ ಪೆಟ್ಟಿಗೆ ಇದ್ದರೆ, ಕಾಪಿ ಮಾಡುವಾಗ ಅಂಥವು ಹೋಗುವುದಿಲ್ಲ. ತಪ್ಪಿನ ಸಂದೇಶ ಬರುತ್ತದೆ, ನಾವು ‘ಸ್ಕಿಪ್’ ಒತ್ತಿ ಮುಂದೆ ಹೋಗುತ್ತೇವೆ. ಹೆಸರು ಚಿಕ್ಕದಿರಲಿ, ವಿವರ ಟ್ಯಾಗಿನಲ್ಲಿರಲಿ.

ಇನ್ನು ವಾಟ್ಸಾಪ್. ಮನೆಯ ಹಿರಿಯರ ಹಾಡು ಈಗ ಬರುವುದೇ ಅದರಲ್ಲಿ. ಅತ್ತೆ ಹೇಳಿದ ಶೋಬಾನೆ, ಅಜ್ಜಿ ಹೇಳಿದ ಬೀಸುವ ಪದ, ಎಲ್ಲಾ ವಾಯ್ಸ್ ನೋಟ್. ಫೋನ್ ತುಂಬಿತು ಅಂತ ಗುಡ್ ಮಾರ್ನಿಂಗ್ ಚಿತ್ರಗಳ ಜೊತೆ ಅವನ್ನೂ ಗುಡಿಸಿ ಹಾಕುತ್ತೇವೆ. ಬೇಕಾದ ವಾಯ್ಸ್ ನೋಟನ್ನು ಅವತ್ತೇ ಬೇರೆ ಫೋಲ್ಡರಿಗೆ ತೆಗೆದಿಡಿ. ಕಳಿಸುವವರಿಗೆ ಸಾಧ್ಯವಿದ್ದರೆ ಫೋನಿನ ರೆಕಾರ್ಡರ್‌ನಲ್ಲಿ ಹಿಡಿದು ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ, ಫೈಲ್ ಇದ್ದ ಹಾಗೇ ಬರುತ್ತದೆ.

## ಕನ್ನಡಿ ಬೇರೆ, ಫೋಟೋ ಬೇರೆ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವ ವ್ಯವಧಾನ ಇದ್ದರೆ ಇದನ್ನು ಓದಿ.

ನಿಮ್ಮ ಹಾಡುಗಳು ಎರಡು ಕಡೆ ಇವೆ ಅಂದ ಮಾತ್ರಕ್ಕೆ ಬ್ಯಾಕಪ್ ಇದೆ ಅಂತಲ್ಲ. ಕನ್ನಡಿಯ ಮುಂದೆ ನಿಂತರೆ ನೀವೂ ಇಬ್ಬರಾಗುತ್ತೀರಿ. ಆದರೆ ಹಣೆಯ ಕುಂಕುಮ ಒರೆಸಿಕೊಂಡರೆ ಕನ್ನಡಿಯಲ್ಲೂ ಅಳಿಯುತ್ತದೆ. ಹೋದ ವರ್ಷ ತೆಗೆಸಿದ ಫೋಟೋದಲ್ಲಿ ಮಾತ್ರ ಕುಂಕುಮ ಹಾಗೇ ಇರುತ್ತದೆ. ಎರಡು ಕಡೆಯನ್ನೂ ಸದಾ ಒಂದೇ ಥರ ಇಡುವ ಸಿಂಕ್ ಅನ್ನುವುದು ಕನ್ನಡಿ. ಬ್ಯಾಕಪ್ ಅನ್ನುವುದು ಫೋಟೋ.

ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಇವು ಕ್ಲೌಡ್, ಅಂದರೆ ಇಂಟರ್ನೆಟ್ ಮೂಲಕ ಕಂಪನಿಯ ಕಂಪ್ಯೂಟರಿನಲ್ಲಿ ಸಿಗುವ ಜಾಗ. ಇವೆಲ್ಲ ಸಾಮಾನ್ಯವಾಗಿ ಸಿಂಕ್ ಮಾಡುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಫೋಲ್ಡರ್ ಅಳಿಸಿದರೆ ಸ್ವಲ್ಪ ಹೊತ್ತಿಗೆ ಕ್ಲೌಡಿನಲ್ಲೂ ಅಳಿಯುತ್ತದೆ, ಫೋನಿನಲ್ಲೂ ಅಳಿಯುತ್ತದೆ. ಬಹಳ ವಿಧೇಯ ಆಳು, ನೀವು ಮಾಡಿದ ತಪ್ಪನ್ನೂ ಶ್ರದ್ಧೆಯಿಂದ ಮಾಡುತ್ತಾನೆ. ಉಳಿಸುವುದು ಅವುಗಳ ಕಸದ ಬುಟ್ಟಿ. ಗೂಗಲ್ ಡ್ರೈವ್‌ನ ಬುಟ್ಟಿಯಲ್ಲಿ 30 ದಿನ ಇರುತ್ತದೆ. ಆದರೆ ಯುಗಾದಿಗೆ ಅಳಿಸಿದ ಹಾಡು ನೆನಪಾಗುವುದು ಗಣೇಶ ಹಬ್ಬಕ್ಕೆ. ಉಚಿತವಾಗಿ ಸಿಗುವ 15 ಜಿಬಿ ಕೂಡ ಜಿಮೇಲ್, ಫೋಟೋಗಳ ಜೊತೆ ಹಂಚಿಕೊಳ್ಳಬೇಕಾದದ್ದು. ಪೂರ್ತಿ ಸಿಕ್ಕರೂ 12 ಎಂಬಿಯ 1,250 ಹಾಡು ಹಿಡಿಯುತ್ತದೆ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಗಳನ್ನು ಅಳಿಸಬಹುದು ಅನ್ನುವ ನಿಯಮವನ್ನೂ ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಹಾಡಿಗೆ ಅಂತಲೇ ಬೇರೆ ಖಾತೆ ತೆರೆದು ಮರೆತವರು ಆಗಾಗ ಒಳಗೆ ಹೋಗಿ ಬರಬೇಕು.

ಕಾಪಿ ಮಾಡುವ ತಂತ್ರಾಂಶಗಳಲ್ಲಿ ‘ಮಿರರ್’ ಅನ್ನುವ ಆಯ್ಕೆ ಇದ್ದರೆ ಹುಷಾರು. ಹೆಸರೇ ಹೇಳುವಂತೆ ಅದು ಕನ್ನಡಿ. ಎಡಗಡೆಯ ಮೂಲದಲ್ಲಿ ಇಲ್ಲದ್ದನ್ನು ಬಲಗಡೆಯ ಪ್ರತಿಯಲ್ಲೂ ಅಳಿಸುತ್ತದೆ. ಎಡ ಬಲ ಅದಲುಬದಲಾದರೆ, ಖಾಲಿ ಡಿಸ್ಕಿನ ಪ್ರತಿಬಿಂಬ ತುಂಬಿದ ಡಿಸ್ಕಿನ ಮೇಲೆ ಬೀಳುತ್ತದೆ.

ರೇಡ್ ಅನ್ನುವುದನ್ನೂ ಕೆಲವರು ಬ್ಯಾಕಪ್ ಅಂದುಕೊಳ್ಳುತ್ತಾರೆ. ಒಂದೇ ಪೆಟ್ಟಿಗೆಯಲ್ಲಿ ಎರಡು ಡಿಸ್ಕ್, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಆ ಕ್ಷಣವೇ. ಒಂದು ಡಿಸ್ಕ್ ಕೆಟ್ಟರೆ ಹಾಡು ನಿಲ್ಲುವುದಿಲ್ಲ, ಅಷ್ಟಕ್ಕೇ ಅದು ಇರುವುದು. ಡಿಲೀಟ್ ಒತ್ತಿದರೆ ಎರಡರಲ್ಲೂ ಹೋಗುತ್ತದೆ.

ಫೋಟೋ ಥರದ ಬ್ಯಾಕಪ್ ಬೇಕು ಅಂದರೆ ಹಳೆಯ ರೂಪಗಳನ್ನು ಉಳಿಸಿಕೊಳ್ಳುವ ಸಾಧನ ಬೇಕು. ವಿಂಡೋಸ್‌ನಲ್ಲಿ ಫೈಲ್ ಹಿಸ್ಟರಿ, ಮ್ಯಾಕ್‌ನಲ್ಲಿ 2007ರಿಂದ ಇರುವ ಟೈಮ್ ಮೆಷಿನ್ ಈ ಕೆಲಸ ಮಾಡುತ್ತವೆ. ಅದೂ ಬೇಡ ಅಂದರೆ ಸುಮ್ನೆ ತಾರೀಖು ಹಾಕಿದ ಫೋಲ್ಡರಿನಲ್ಲಿ ಕೈಯಾರೆ ಕಾಪಿ ಮಾಡಿ, ವೈರ್ ಕಿತ್ತು, ಬೀರುವಿನಲ್ಲಿಡಿ. ಸಿಕ್ಕಿಸದ ಡಿಸ್ಕನ್ನು ಯಾರೂ ತಪ್ಪಿ ಫಾರ್ಮ್ಯಾಟ್ ಮಾಡಲಾರರು, ನಾನು ಕೂಡ.

## ಆ್ಯಪಿನಲ್ಲಿ ಡೌನ್‌ಲೋಡ್ ಮಾಡಿದ್ದು ನಮ್ಮದಾ?

ಅಲ್ಲ. ಹಣ ಕಟ್ಟಿ ಕೇಳುವ ಆ್ಯಪ್‌ಗಳಲ್ಲಿ ಆಫ್‌ಲೈನ್‌ಗೆ ಅಂತ ಇಳಿಸಿದ ಹಾಡು ಬೀಗ ಹಾಕಿದ ಫೈಲ್. ಬೀಗದ ಕೈ ಕಂಪನಿಯ ಹತ್ತಿರ ಇರುತ್ತದೆ. ಚಂದಾ ನಿಂತರೆ ಹಾಡು ನಿಲ್ಲುತ್ತದೆ. ಅಂಗಡಿಯೇ ಮುಚ್ಚುವುದೂ ಉಂಟು. ಗೂಗಲ್ ಪ್ಲೇ ಮ್ಯೂಸಿಕ್ 2020ರ ಕೊನೆಗೆ ನಿಂತಿತು. ಅದಕ್ಕೆ ಜನ ತಮ್ಮದೇ ಹಾಡುಗಳನ್ನೂ ಏರಿಸಿ ಇಟ್ಟಿದ್ದರು. ಬೇರೆಡೆಗೆ ಸಾಗಿಸಿಕೊಳ್ಳಲು ಸಮಯ ಕೊಟ್ಟು, 2021ರ ಫೆಬ್ರವರಿ 24ರಿಂದ ಉಳಿದದ್ದನ್ನು ಅಳಿಸುವುದಾಗಿ ಹೇಳಿದರು. ನಮ್ಮ ದೇಶದ ವಿಂಕ್ ಮ್ಯೂಸಿಕ್ ಮುಚ್ಚುವ ಸುದ್ದಿ ಬಂದದ್ದು 2024ರ ಆಗಸ್ಟ್‌ನಲ್ಲಿ.

ಎಲ್ಲಕ್ಕಿಂತ ದೊಡ್ಡದು ಮೈಸ್ಪೇಸ್ ಕಥೆ. ಒಂದು ಕಾಲದಲ್ಲಿ ಹೊಸ ಹಾಡುಗಾರರೆಲ್ಲ ತಮ್ಮ ಹಾಡು ಏರಿಸುತ್ತಿದ್ದ ಅಮೆರಿಕದ ತಾಣ ಅದು. ಸರ್ವರ್ ಬದಲಾಯಿಸುವಾಗ 2015ಕ್ಕಿಂತ ಮುಂಚೆ ಏರಿಸಿದ್ದೆಲ್ಲ ಹೋಯಿತು ಅಂತ 2019ರ ಮಾರ್ಚ್‌ನಲ್ಲಿ ಗೊತ್ತಾಯಿತು. ಸುಮಾರು 5 ಕೋಟಿ ಹಾಡು ಅನ್ನುವುದು ಅಂದಾಜು. ಬೇಕಂತ ಯಾರೂ ಮಾಡಿದ್ದಲ್ಲ, ಸಾಗಿಸುವಾಗ ಆದ ಎಡವಟ್ಟು. ಕೆಲವು ಹಾಡುಗಾರರಿಗೆ ಇದ್ದದ್ದು ಅದೊಂದೇ ಪ್ರತಿ. ಆಮೇಲೆ ನಡೆದದ್ದು ಸ್ವಾರಸ್ಯ. ಯಾವುದೋ ಅಧ್ಯಯನಕ್ಕಾಗಿ 2008ರಿಂದ 2010ರ ನಡುವೆ ಸಂಶೋಧಕರು ಅಲ್ಲಿಂದ ಇಳಿಸಿಟ್ಟುಕೊಂಡಿದ್ದ ಸುಮಾರು 4.9 ಲಕ್ಷ ಹಾಡು ಇಂಟರ್ನೆಟ್ ಆರ್ಕೈವ್ ಅನ್ನುವ ಆನ್‌ಲೈನ್ ಸಂಗ್ರಹಕ್ಕೆ ಸಿಕ್ಕಿ ಉಳಿದವು. ನನ್ನ ಮನೆಯಲ್ಲೂ ಆದದ್ದು ಅದೇ. ಹಿರಿಯೂರಿನ ಭಾವನ ಕಾರಿನ ಪೆನ್ ಡ್ರೈವಿನಲ್ಲಿ, ಎಂದೋ ಕೇಳಿದರು ಅಂತ ಹಾಕಿಕೊಟ್ಟಿದ್ದ ಅಪ್ಪನ ಮೂರು ಕ್ಯಾಸೆಟ್ ಸಿಕ್ಕವು.

## ಮೂರು, ಎರಡು, ಒಂದು

ಭಾವನ ಪೆನ್ ಡ್ರೈವ್ ಸಿಕ್ಕಿದ್ದು ಅದೃಷ್ಟ. ಅದೃಷ್ಟಕ್ಕೆ ಬಿಡದೆ ಮಾಡುವುದಕ್ಕೆ ಒಂದು ಲೆಕ್ಕ ಇದೆ. ಪೀಟರ್ ಕ್ರೋಗ್ ಅನ್ನುವ ಫೋಟೋಗ್ರಾಫರ್ ಜನಪ್ರಿಯ ಮಾಡಿದ್ದು. ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿರಲಿ, ಒಂದು ಬೇರೆ ಜಾಗದಲ್ಲಿರಲಿ.

ಇದು ನಮ್ಮ ಮನೆಗಳಿಗೆ ಹೊಸದಲ್ಲ. ಮೊಸರಿನ ಹೆಪ್ಪು ನೆನಪಿಸಿಕೊಳ್ಳಿ. ಮನೆಯಲ್ಲಿ ಸ್ವಲ್ಪ ಎತ್ತಿಡುತ್ತೇವೆ. ಅದೂ ಹುಳಿಯಾಗಿ ಕೆಟ್ಟರೆ ಪಕ್ಕದ ಮನೆಗೆ ಲೋಟ ಹಿಡಿದು ಹೋಗುತ್ತೇವೆ. ಪಕ್ಕದ ಮನೆಯ ಹೆಪ್ಪು ಎಂದೋ ನಮ್ಮ ಮನೆಯಿಂದಲೇ ಹೋದದ್ದು. ಬಯಲುಸೀಮೆಯ ರೈತರು ಜೋಳ ಹಗೇವಿನಲ್ಲಿಟ್ಟರೂ ಬಿತ್ತನೆಯ ಬೀಜವನ್ನು ಬೇರೆಯಾಗಿ ಮನೆಯೊಳಗೆ ಇಡುತ್ತಿದ್ದರು.

ಬೇರೆ ಜಾಗ ಯಾಕೆ? ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಕರೆಂಟ್ ಏರುಪೇರಾದರೆ ಒಂದೇ ಸ್ಪೈಕ್ ಬಸ್ಟರಿಗೆ ಸಿಕ್ಕಿಸಿದ ಲ್ಯಾಪ್‌ಟಾಪ್, ಡಿಸ್ಕ್ ಎರಡೂ ಸುಡಬಹುದು. ಒಂದೇ ಬ್ಯಾಗಿನಲ್ಲಿದ್ದರೆ ಎರಡೂ ಒಟ್ಟಿಗೆ ಕಳವಾಗುತ್ತವೆ. 2017ರ ಮೇನಲ್ಲಿ ಹರಡಿದ ವಾನಾಕ್ರೈ ಥರದ ಸುಲಿಗೆ ವೈರಸ್ ಬಂದರೆ, ಆ ಹೊತ್ತಿಗೆ ಸಿಕ್ಕಿಸಿದ್ದ ಡಿಸ್ಕಿನ ಫೈಲುಗಳಿಗೂ ಬೀಗ ಬೀಳಬಹುದು.

ಎರಡು ಬಗೆ ಯಾಕೆ? ಒಂದೇ ಅಂಗಡಿಯಲ್ಲಿ ಒಂದೇ ದಿನ ತಂದ ಎರಡು ಡಿಸ್ಕ್ ಒಂದೇ ಕಾಲಕ್ಕೆ ಕೆಡುವ ಸಂಭವ ಇದೆ. ಒಂದು ಹಾರ್ಡ್ ಡಿಸ್ಕ್, ಒಂದು ಕ್ಲೌಡ್ ಆದರೆ ಆ ಭಯ ಇಲ್ಲ. ಪೆನ್ ಡ್ರೈವನ್ನು ನಾನು ಪ್ರತಿ ಅಂತ ಎಣಿಸುವುದಿಲ್ಲ, ಅದು ಕಾರಿಗೆ. ಅಗ್ಗಕ್ಕೆ ಸಿಗುವ ಕೆಲವು ಪೆನ್ ಡ್ರೈವ್‌ಗಳು ಮೇಲೆ ಬರೆದಷ್ಟು ಜಾಗ ಒಳಗೆ ಹೊಂದಿರುವುದೇ ಇಲ್ಲ. ತುಂಬಿದ ಮೇಲೂ ತೆಗೆದುಕೊಂಡ ಹಾಗೆ ನಟಿಸುತ್ತವೆ. ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಉಚಿತ ತಂತ್ರಾಂಶ ಪೂರ್ತಿ ಬರೆದು, ಓದಿ, ನಿಜ ಹೇಳುತ್ತದೆ.

## ಎಲ್ಲಾ ಹಾಡಿಗೂ ಒಂದೇ ತೂಕ ಬೇಡ

60 ಜಿಬಿಗೂ ಮೂರು ಪ್ರತಿ ಮಾಡಬೇಕಲ್ಲ ಅಂತ ಸುಸ್ತಾಗಿ ಏನೂ ಮಾಡದೆ ಬಿಡುವವರೇ ಜಾಸ್ತಿ. ಅದಕ್ಕೆ ಮೊದಲು ಹಾಡುಗಳನ್ನು ಮೂರು ರಾಶಿ ಮಾಡಿ. ಎಲ್ಲೆಡೆ ಸಿಗುವ ಸಿನಿಮಾ ಹಾಡು ಒಂದು ರಾಶಿ, ಹೋದರೆ ಮತ್ತೆ ತರಬಹುದು. ಹಳೆಯ ಸಿಡಿ, ಕ್ಯಾಸೆಟ್‌ನಿಂದ ಇಳಿಸಿಕೊಂಡ, ಈಗ ಅಂಗಡಿಯಲ್ಲಿ ಸಿಗದ ಹಾಡುಗಳು ಎರಡನೆಯದು. ಮೂರನೆಯದು ಲೋಕದಲ್ಲಿ ನಿಮ್ಮ ಹತ್ತಿರ ಮಾತ್ರ ಇರುವುದು.

ಮೂರನೆಯದರಿಂದ ಶುರು ಮಾಡಿ. ಬಹುಪಾಲು ಮನೆಗಳಲ್ಲಿ ಅದು ಕೆಲವೇ ಜಿಬಿ ಇರುತ್ತದೆ. 60 ನಿಮಿಷದ 11 ಕ್ಯಾಸೆಟ್ ಸಿಡಿ ಗುಣಮಟ್ಟದಲ್ಲಿ 7 ಜಿಬಿ, ಫ್ಲ್ಯಾಕ್ ಮಾಡಿದರೆ ಹೆಚ್ಚುಕಡಿಮೆ ಅದರ ಅರ್ಧ. ಉಚಿತ ಕ್ಲೌಡಿನಲ್ಲೇ ಹಿಡಿಯುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಈ ಮೂರನೇ ರಾಶಿ ದೊಡ್ಡದು. ಚಳ್ಳಕೆರೆ ಕಡೆಯ ಕಾಡುಗೊಲ್ಲರ ಸಿರಿಯಜ್ಜಿ ಓದು ಬರಹ ಇಲ್ಲದೆ ಸಾವಿರಾರು ಹಾಡುಗಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದವರು. ಅವರ ಹಾಡುಗಳನ್ನು ಬರೆದುಕೊಂಡವರು ಇದ್ದರು. ಊರೂರಿನಲ್ಲಿ ಹಬ್ಬಕ್ಕೆ, ಮದುವೆಗೆ ಪದ ಹೇಳುವ ಅಜ್ಜಿಯರ ದನಿ ಮೊಮ್ಮಕ್ಕಳ ಫೋನಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಆ ಫೋನು ಎಕ್ಸ್‌ಚೇಂಜ್‌ಗೆ ಹೋಗುವ ದಿನ ದೂರವಿರುವುದಿಲ್ಲ. ಒಂದು ಮಾತು, ಮೂಲ ಕ್ಯಾಸೆಟ್ ಇದ್ದರೆ ಗುಜರಿಗೆ ಕೊಡಬೇಡಿ. ಬೂಸ್ಟು ಹಿಡಿದಿದ್ದರೂ ಅದು ಒಂದು ಪ್ರತಿಯೇ.

## ಸ್ಟೆಪ್ನಿಯಲ್ಲಿ ಗಾಳಿ ಇದೆಯಾ?

ಹೈವೇಯಲ್ಲಿ ಹಿರಿಯೂರು ದಾಟಿದ ಮೇಲೆ ಪಂಚರ್ ಆಗಿ, ಡಿಕ್ಕಿಯಿಂದ ಸ್ಟೆಪ್ನಿ ತೆಗೆದರೆ ಅದರಲ್ಲೂ ಗಾಳಿ ಇಲ್ಲ. ಬ್ಯಾಕಪ್ ಡಿಸ್ಕಿನದೂ ಬಹಳ ಸಲ ಇದೇ ಪಾಡು. ಮೂರು ವರ್ಷದ ಹಿಂದೆ ಕಾಪಿ ಮಾಡಿ ಇಟ್ಟದ್ದು, ತೆರೆದು ನೋಡಿದ್ದೇ ಇಲ್ಲ.

ನೋಡುವುದು ಅಂದರೆ ಫೋಲ್ಡರ್ ತೆರೆದು ಹೆಸರು ಓದುವುದಲ್ಲ. ಹತ್ತು ಹಾಡು ಅಲ್ಲಲ್ಲಿ ಆರಿಸಿ ನುಡಿಸಿ, ಕೊನೆಯವರೆಗೂ ಕೇಳಿ. ಅರ್ಧ ಕಾಪಿಯಾದ ಹಾಡು ಶುರುವಿನಲ್ಲಿ ಚೆನ್ನಾಗಿಯೇ ಇರುತ್ತದೆ.

ಸಾವಿರಾರು ಹಾಡು ಹೀಗೆ ಕೇಳಲು ಆಗುವುದಿಲ್ಲ, ಅದಕ್ಕೆ ಚೆಕ್‌ಸಮ್ ಇದೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುತ್ತೇವಲ್ಲ, ಫೈಲಿಗೂ ಅಂಥ ಒಂದು ಹೆಬ್ಬೆಟ್ಟು. ಫೈಲನ್ನು ಪೂರ್ತಿ ಓದಿ, ಲೆಕ್ಕ ಹಾಕಿ, ಒಂದು ಉದ್ದದ ಸಂಖ್ಯೆ ಕೊಡುತ್ತದೆ. ಎಸ್‌ಎಚ್‌ಎ-256, ಎಂಡಿ5 ಅಂತೆಲ್ಲ ಹೆಸರು. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಮೂಲದ ಹೆಬ್ಬೆಟ್ಟೂ ಪ್ರತಿಯ ಹೆಬ್ಬೆಟ್ಟೂ ಹೊಂದಿದರೆ ಕಾಪಿ ಸರಿಯಾಗಿದೆ. ಟೆರಾಕಾಪಿಯಂಥ ತಂತ್ರಾಂಶಗಳು ಕಾಪಿ ಮಾಡಿದ ಮೇಲೆ ಇದನ್ನು ತಾವೇ ನೋಡುತ್ತವೆ. ಫ್ಲ್ಯಾಕ್ ಫೈಲುಗಳಲ್ಲಿ ಈ ಹೆಬ್ಬೆಟ್ಟು ಸಾಮಾನ್ಯವಾಗಿ ಒಳಗೇ ಇರುತ್ತದೆ, ಬೇರೆ ಬರೆದಿಡುವ ಗೋಜಿಲ್ಲ. ಮನೆಯ ದನಿಗಳಿಗೆ ನಾನು ಫ್ಲ್ಯಾಕ್ ಆರಿಸಲು ಇದೂ ಒಂದು ಕಾರಣ.

## ಈಗಾಗಲೇ ಹೋಗಿದ್ದರೆ

ಕೈ ಎತ್ತಿ. ಆ ಡಿಸ್ಕಿಗೆ ಏನನ್ನೂ ಬರೆಯಬೇಡಿ, ಹೊಸ ಪ್ರಯಾಣಿಕರನ್ನು ಹತ್ತಿಸಬೇಡಿ. ಹೊರಗಿನ ಡಿಸ್ಕಾದರೆ ಸರಿಯಾಗಿ ಇಜೆಕ್ಟ್ ಮಾಡಿ ಕಿತ್ತಿಡಿ. ಲ್ಯಾಪ್‌ಟಾಪ್‌ನ ಒಳಗಿನ ಡಿಸ್ಕಾದರೆ ಆಫ್ ಮಾಡಿ. ಮರಳಿ ತರುವ ತಂತ್ರಾಂಶವನ್ನು ಅದೇ ಡಿಸ್ಕಿಗೆ ಹಾಕಿಕೊಳ್ಳುವುದು ಎಲ್ಲರೂ ಮಾಡುವ ತಪ್ಪು, ಅದೂ ಒಂದು ಸೀಟು ಹಿಡಿಯುತ್ತದೆ.

ಫೋಟೋರೆಕ್ ಅನ್ನುವ ಉಚಿತ ತಂತ್ರಾಂಶ ಇದೆ. ಹೆಸರು ಫೋಟೋ, ಆದರೆ ಹಾಡನ್ನೂ ಹುಡುಕುತ್ತದೆ. ಅದು ಟವೆಲ್ ಪಟ್ಟಿ ನೋಡುವುದಿಲ್ಲ, ಪ್ರತಿ ಸೀಟಿನ ಹತ್ತಿರ ಹೋಗಿ ಯಾರು ಕೂತಿದ್ದಾರೆ ಅಂತ ಮುಖ ನೋಡುತ್ತದೆ. ಸಿಕ್ಕಿದ್ದನ್ನು ಬೇರೆ ಡಿಸ್ಕಿಗೆ ಬರೆಸಿಕೊಳ್ಳಬೇಕು. ಫೈಲಿನ ಹೆಸರು, ಫೋಲ್ಡರ್ ಮರಳುವುದಿಲ್ಲ, ಬರೀ ನಂಬರ್ ಹೊತ್ತ ಸಾವಿರಾರು ಫೈಲು ಬರುತ್ತವೆ. ಆಗ ಕೈ ಹಿಡಿಯುವುದು ಟ್ಯಾಗ್. ಅದು ಹಾಡಿನ ಒಳಗೇ ಇರುವುದರಿಂದ ಉಳಿದಿರುತ್ತದೆ. ಎಂಪಿ3ಟ್ಯಾಗ್‌ನಂಥ ತಂತ್ರಾಂಶಕ್ಕೆ ಹೇಳಿದರೆ ಟ್ಯಾಗ್ ಓದಿ ಎಲ್ಲಕ್ಕೂ ಮತ್ತೆ ಹೆಸರಿಡುತ್ತದೆ.

ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ, ಕೆಳಗೆ ಬಿದ್ದಿದ್ದರೆ, ಇದ್ಯಾವುದನ್ನೂ ಮಾಡಬೇಡಿ. ಅದು ಲೆಕ್ಕದ ತಪ್ಪಲ್ಲ, ಯಂತ್ರವೇ ಮುರಿದದ್ದು. ತಿರುಗಿಸಿದಷ್ಟೂ ಒಳಗೆ ಗೀರು ಬೀಳುತ್ತದೆ. ತಕ್ಷಣ ಆಫ್ ಮಾಡಿ, ಡಿಸ್ಕ್ ಬಿಚ್ಚಿ ತೆಗೆಯಲು ಧೂಳಿಲ್ಲದ ಕೋಣೆ ಇರುವ ಪರಿಣತರ ಹತ್ತಿರ ಹೋಗಬೇಕು, ಖರ್ಚು ಜೋರಾಗಿರುತ್ತದೆ.

ನನ್ನ ಡಿಸ್ಕಿನಿಂದ ಸಿನಿಮಾ ಹಾಡು ಬಹುಪಾಲು ಬಂದವು, ಟ್ಯಾಗ್ ಇತ್ತು. ಅಪ್ಪನ ಕ್ಯಾಸೆಟ್‌ಗಳಿಗೆ ನಾನು ಟ್ಯಾಗ್ ಹಾಕಿರಲಿಲ್ಲ. ನಂಬರಿನ ಫೈಲುಗಳನ್ನು ಒಂದೊಂದಾಗಿ ಕೇಳುತ್ತಾ ಹೋಗಿ ನಾಲ್ಕು ಕ್ಯಾಸೆಟ್ ಗುರುತಿಸಿದೆ. ಭಾವನ ಮೂರು ಸೇರಿ ಏಳು. ಉಳಿದ ನಾಲ್ಕರ ಸೀಟಿನಲ್ಲಿ ಆ 12 ಜಿಬಿ ಕೂತಿದೆ.

## ಈಗಿನ ಏರ್ಪಾಡು

ಹಾಡಿನ ಡಿಸ್ಕಿಗೆ ‘ಎಫ್’ ಅನ್ನುವ ಅಕ್ಷರದ ಜೊತೆ ‘ಹಾಡು_ಮುಟ್ಟಬೇಡ’ ಅಂತ ಹೆಸರಿಟ್ಟಿದ್ದೇನೆ, ಫಾರ್ಮ್ಯಾಟ್ ಮಾಡಲು ಹೋದರೆ ಆ ಹೆಸರು ಕಣ್ಣಿಗೆ ರಾಚುತ್ತದೆ. ಮೇಲೆ ಕೆಂಪು ಟೇಪ್ ಬೇರೆ. ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡುವಾಗ ಉಳಿದೆಲ್ಲ ವೈರ್ ಕಿತ್ತಿರುತ್ತೇನೆ. ಮೂರನೇ ರಾಶಿ ಕ್ಲೌಡಿನಲ್ಲೂ ಇದೆ.

ಬೇರೆ ಜಾಗದ ಪ್ರತಿಗೆ ಒಂದೇ ಥರದ ಎರಡು ಸಣ್ಣ ಡಬ್ಬ ಮಾಡಿಕೊಂಡೆವು. ಒಂದು ಡಿಸ್ಕ್ ನಮ್ಮ ಬೀರುವಿನಲ್ಲಿ, ಇನ್ನೊಂದು ಚಿತ್ರದುರ್ಗದ ಅಕ್ಕನ ಮನೆಯ ಬೀರುವಿನಲ್ಲಿ. ಯುಗಾದಿಗೆ, ದೀಪಾವಳಿಗೆ ಅವಳ ಮನೆಗೆ ಹೋಗುವಾಗ ನಮ್ಮದನ್ನು ತುಂಬಿಕೊಂಡು ಹೋಗಿ ಅಲ್ಲಿಟ್ಟು, ಅಲ್ಲಿದ್ದದ್ದನ್ನು ತರುತ್ತೇನೆ. ಕೊಡುವ ಮುಂಚೆ ಅಕ್ಕ ಒಂದು ಹಾಡು ಹಾಕಿಸುತ್ತಾಳೆ. ಅವಳಿಗೆ ಚೆಕ್‌ಸಮ್ ಗೊತ್ತಿಲ್ಲ, ಅಪ್ಪ ‘ಇನ್ನೊಮ್ಮೆ ಎತ್ಕೊಳ್ರೋ’ ಅನ್ನುವವರೆಗೂ ಕೇಳಿ, ಸರಿ ಇದೆ ತಗೋ ಅಂತ ಡಬ್ಬ ಮುಚ್ಚುತ್ತಾಳೆ.